ಪ್ಲೇಟ್ ಸೇರಿಸಿದ ಮೇಲೆ ಸ್ಟೀರಿಂಗ್ ಒದೆಯುತ್ತಿದೆ: ಲೀಫ್ ಸ್ಪ್ರಿಂಗ್‌ಗೂ ಡ್ರ್ಯಾಗ್ ಲಿಂಕ್‌ಗೂ ಏನು ಸಂಬಂಧ?

ಹಳೇಚಕ್ರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1920ರ ದಶಕದ ಒಂದು ಕಾರಿದೆ. ಯಾವ ಕಂಪನಿ ಅನ್ನುವುದು ಬೇಡ ಬಿಡಿ, ಆ ಕಾಲದ ಮಾಮೂಲಿ ವ್ಯವಸ್ಥೆಯೇ. ಮುಂದೆ ಒಂದೇ ಗಟ್ಟಿ ಆಕ್ಸಲ್, ಎರಡೂ ಬದಿಗೆ ಉದ್ದುದ್ದಕ್ಕೆ ಲೀಫ್ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಗಳನ್ನು (ಪ್ಲೇಟ್) ಒಂದರ ಮೇಲೊಂದು ಜೋಡಿಸಿದ ಕಟ್ಟು. ಸ್ಪ್ರಿಂಗ್‌ನ ಮುಂದಿನ ಕಣ್ಣು (ತುದಿಯ ಉಂಗುರ) ಚಾಸಿಗೆ ನೇರ ಪಿನ್ ಆಗಿದೆ, ಹಿಂದಿನ ಕಣ್ಣಿಗೆ ಶ್ಯಾಕಲ್, ಅಂದರೆ ಹಿಂದೆ ಮುಂದೆ ತೂಗುವ ಕೊಂಡಿ. ಸ್ಟೀರಿಂಗ್ ಬಾಕ್ಸ್ ಆಕ್ಸಲ್‌ಗಿಂತ ಹಿಂದೆ ಚಾಸಿ ಮೇಲೆ ಕೂತಿದೆ, ಅದರಿಂದ ಡ್ರಾಪ್ ಆರ್ಮ್ ಎಂಬ ತೋಳು ಕೆಳಗೆ ಇಳಿದಿದೆ, ಅಲ್ಲಿಂದ ಡ್ರ್ಯಾಗ್ ಲಿಂಕ್ ಎಂಬ ಸರಳು ಮುಂದಕ್ಕೆ ಹೋಗಿ ಬಲಗಡೆ ಚಕ್ರದ ಸ್ಟೀರಿಂಗ್ ಆರ್ಮ್ ಹಿಡಿದುಕೊಂಡಿದೆ. ಸ್ಟೀರಿಂಗ್ ಬಲಗಡೆ.

ಮುಂದಿನ ಸ್ಪ್ರಿಂಗ್‌ಗಳು ಕುಸಿದಿದ್ದವು. ಬಿಚ್ಚಿಸಿ, 7 ಪ್ಲೇಟ್ ಇದ್ದದ್ದಕ್ಕೆ 8 ಮಾಡಿಸಿ, ಕಮಾನನ್ನೂ ಸ್ವಲ್ಪ ಜಾಸ್ತಿ ಕೊಡಿಸಿದೆ. ಪ್ಲೇಟ್ ದಪ್ಪ ಎಲ್ಲ ಒಂದೇ, 6 ಮಿ.ಮೀ. ಗಾಡಿಯ ಮೂತಿ 35 ಮಿ.ಮೀ. ಎದ್ದಿತು. ನೋಡೋಕೆ ಚೆನ್ನಾಗಿದೆ. ಓಡಿಸೋಕೆ ಮಾತ್ರ ಭಯ. ರಸ್ತೆಯ ಉಬ್ಬಿಗೆ ಚಕ್ರ ಏರಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ, ತಗ್ಗಿಗೆ ಇಳಿದಾಗ ಇನ್ನೊಂದು ಕಡೆ, ಸ್ಟೀರಿಂಗ್ ಚಕ್ರ ಕೈಯಲ್ಲೇ ಒದೆಯುತ್ತದೆ. ಮೊದಲು ಹೀಗೆ ಇರಲಿಲ್ಲ. ಮುಂದಿನ ಬ್ರೇಕ್ ಹಿಡಿದರೆ ಎಡಕ್ಕೆ ಜಾರುವುದು ಬೇರೆ.

ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಪಿನ್) ಬುಷ್ ಹೊಸದು. ಗಾಳಿ ಸರಿ ಇದೆ. ಟೋ-ಇನ್ (ಮುಂದಿನ ಎರಡು ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) 3 ಮಿ.ಮೀ. ಇಟ್ಟಿದ್ದೇನೆ. ಆಟ ಇರಬಹುದು ಅಂತ ಡ್ರ್ಯಾಗ್ ಲಿಂಕ್‌ನ ಎರಡೂ ತುದಿಯ ಪ್ಲಗ್ ಬಿಚ್ಚಿದೆ. ಒಳಗೆ ಚಿಕ್ಕ ಸುರುಳಿ ಸ್ಪ್ರಿಂಗ್‌ಗಳು ಸಿಕ್ಕವು. ಸ್ಟೀರಿಂಗ್ ಲಿಂಕ್ ಒಳಗೆ ಸ್ಪ್ರಿಂಗ್ ಯಾಕಪ್ಪಾ ಅಂತ ಆಶ್ಚರ್ಯವಾಯಿತು. ಗ್ರೀಸ್ ತುಂಬಿ ಪ್ಲಗ್ ಪೂರ್ತಿ ಬಿಗಿ ಮಾಡಿದೆ. ಒದೆತ ಇನ್ನೂ ಜಾಸ್ತಿಯಾಯಿತು.

ನನ್ನ ಪ್ರಶ್ನೆ ಎರಡು. ಲೀಫ್ ಸ್ಪ್ರಿಂಗ್ ಕೆಲಸ ಮೇಲೆ ಕೆಳಗೆ ಆಡುವುದು ಅಲ್ವಾ, ಅದು ಸ್ಟೀರಿಂಗ್‌ವರೆಗೆ ಹೇಗೆ ಬರುತ್ತದೆ? ಮತ್ತೆ ಆ ಚಿಕ್ಕ ಸ್ಪ್ರಿಂಗ್ ತೆಗೆದು ಗಟ್ಟಿ ಪ್ಯಾಕಿಂಗ್ ಹಾಕಿದರೆ ಆಗುತ್ತದಾ?

ಗ್ರೀಸ್‌ಕೈ:

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಬೇಡ. ದಯವಿಟ್ಟು ಬೇಡ.

ಆ ಸ್ಪ್ರಿಂಗ್ ಇರುವುದೇ ಚಕ್ರಕ್ಕೆ ಬಿದ್ದ ಹೊಡೆತ ನೇರವಾಗಿ ಬಾಲ್‌ನ (ಲಿಂಕ್ ತುದಿಯೊಳಗೆ ಕೂರುವ, ಆರ್ಮ್ ತುದಿಯ ಗುಂಡು) ಕತ್ತಿಗೆ ಹೋಗದಿರಲಿ ಅಂತ. ನೀವು ಪ್ಲಗ್ ಪೂರ್ತಿ ಬಿಗಿ ಮಾಡಿದಾಗ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಕಬ್ಬಿಣದ ಬಿಲ್ಲೆಯಂತೆ ಆಗಿಬಿಟ್ಟಿವೆ. ಈಗ ಬರೋ ಒದೆತವೆಲ್ಲ ಬಾಲ್ ಕತ್ತಿನ ಮೇಲೆ, ಡ್ರಾಪ್ ಆರ್ಮ್ ಮೇಲೆ, ಬಾಕ್ಸ್ ಒಳಗಿನ ವರ್ಮ್ (ತಿರುಪಿನಂಥ ಗೇರ್) ಹಲ್ಲಿನ ಮೇಲೆ. ಕತ್ತು ಒಂದು ದಿನ ಮುರಿದರೆ ಸ್ಟೀರಿಂಗೇ ಇಲ್ಲ. ಸಾಮಾನ್ಯ ಕ್ರಮ ಏನಂದ್ರೆ ಪ್ಲಗ್ ಪೂರ್ತಿ ಕೂರಿಸಿ, ಅರ್ಧದಿಂದ ಒಂದು ಸುತ್ತು ಹಿಂದಕ್ಕೆ ತಂದು, ಹತ್ತಿರದ ತೂತಿಗೆ ಸ್ಪ್ಲಿಟ್ ಪಿನ್ ಹಾಕುವುದು. ನಿಮ್ಮ ಗಾಡಿಯ ಹಳೆಯ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಕೇಳಿ.

ಇನ್ನೊಂದು, ಒಳಗಿನ ಜೋಡಣೆಯ ಕ್ರಮ ನೋಡಿದ್ದೀರಾ? ಪ್ಲಗ್ ಕಡೆಯಿಂದ ಎಣಿಸಿದರೆ ಎರಡು ತುದಿಯಲ್ಲೂ ಒಂದೇ ಥರ ಇರಬಾರದು. ಒಂದು ತುದಿಯಲ್ಲಿ ಪ್ಲಗ್, ಸ್ಪ್ರಿಂಗ್, ಬಟ್ಟಲು, ಬಾಲ್, ಬಟ್ಟಲು. ಇನ್ನೊಂದರಲ್ಲಿ ಪ್ಲಗ್, ಬಟ್ಟಲು, ಬಾಲ್, ಬಟ್ಟಲು, ಕೊನೆಗೆ ಸ್ಪ್ರಿಂಗ್. ಅಂದರೆ ಎರಡೂ ಸ್ಪ್ರಿಂಗ್ ತಮ್ಮ ಬಾಲ್‌ನ ಒಂದೇ ಬದಿಗೆ ಬರಬೇಕು. ಆಗ ಲಿಂಕ್ ಎಳೆದಾಗ ಒಂದು ಸ್ಪ್ರಿಂಗ್ ಮಣಿಯುತ್ತದೆ, ತಳ್ಳಿದಾಗ ಇನ್ನೊಂದು. ಎರಡು ತುದಿಗೂ ಒಂದೇ ಕ್ರಮದಲ್ಲಿ ತುಂಬಿದರೆ ಒಂದು ದಿಕ್ಕಿಗೆ ಎರಡೂ ಮಣಿಯುತ್ತವೆ, ಇನ್ನೊಂದು ದಿಕ್ಕಿಗೆ ಬರೀ ಕಬ್ಬಿಣಕ್ಕೆ ಕಬ್ಬಿಣ. ಈ ತಪ್ಪು ನಾನೂ ಮಾಡಿದ್ದೇನೆ, ಒಂದು ವಾರ ತಲೆ ಕೆರೆದುಕೊಂಡಿದ್ದೇನೆ.

ಬಿಲ್ಲುಗೆರೆ:

ಪ್ಲಗ್ ಸಡಿಲಿಸಿ, ಸರಿ. ಆದರೆ ನಿಮ್ಮ ಮೂಲ ರೋಗ ಅದಲ್ಲ. ಉಬ್ಬಿಗೆ ಒಂದು ಕಡೆ, ತಗ್ಗಿಗೆ ಇನ್ನೊಂದು ಕಡೆ ಅಂದಿರಲ್ಲ, ಅಲ್ಲೇ ಸಿಕ್ಕಿಬಿತ್ತು.

ಲೀಫ್ ಸ್ಪ್ರಿಂಗ್‌ಗೆ ಎರಡು ಕೆಲಸ. ಭಾರ ಹೊರುವುದು ಒಂದು. ಆಕ್ಸಲ್ ಹಿಂದೆ ಮುಂದೆ ಹೋಗದಂತೆ ಹಿಡಿದಿಡುವುದು ಇನ್ನೊಂದು. ಎರಡನೇ ಕೆಲಸದಲ್ಲಿ ಅದು ಒಂದು ತೋಳು ಇದ್ದ ಹಾಗೆ. ಚಕ್ರ ಮೇಲೆದ್ದಾಗ ಆಕ್ಸಲ್ ನೆಟ್ಟಗೆ ಏರುವುದಿಲ್ಲ, ಪಿನ್ ಇರುವ ಕಡೆಗೆ ಬಿಲ್ಲಿನಾಕಾರದಲ್ಲಿ ತಿರುಗಿ ಏರುತ್ತದೆ. ನಿಮ್ಮಲ್ಲಿ ಪಿನ್ ಮುಂದಿದೆ, ಹಾಗಾಗಿ ಸಮತಟ್ಟಾದ ಸ್ಥಿತಿಯಿಂದ ಮೇಲೇರಲಿ, ಕೆಳಗಿಳಿಯಲಿ, ಆಕ್ಸಲ್ ಸ್ವಲ್ಪ ಮುಂದಕ್ಕೆ ಸರಿಯುತ್ತದೆ. ಡ್ರ್ಯಾಗ್ ಲಿಂಕ್‌ನ ತಿರುಗುಬಿಂದು ಹಿಂದಿದೆ. ಅದರ ಮುಂದಿನ ತುದಿ ಅದೇ ಹೊತ್ತಿಗೆ ಹಿಂದಕ್ಕೆ ಸರಿಯಬೇಕು. ಆಕ್ಸಲ್ ಮುಂದಕ್ಕೆ, ಲಿಂಕ್ ಹಿಂದಕ್ಕೆ. ಜಗಳ ಬಿಡಿಸುವುದು ಯಾರು? ಸ್ಟೀರಿಂಗ್ ಆರ್ಮ್. ಚಕ್ರ ತಿರುಗುತ್ತದೆ, ಇಲ್ಲಾಂದ್ರೆ ನಿಮ್ಮ ಕೈ ತಿರುಗುತ್ತದೆ.

ಎಷ್ಟು ಅಂತ ಲೆಕ್ಕ ಹಾಕೋಣ. ಸ್ಪ್ರಿಂಗ್ ಕಣ್ಣಿಂದ ಕಣ್ಣಿಗೆ 900 ಮಿ.ಮೀ. ಅಂದುಕೊಳ್ಳಿ, ಅರ್ಧ 450. ಪ್ಲೇಟ್‌ಗಳನ್ನು ಹಂತ ಹಂತವಾಗಿ ಕತ್ತರಿಸಿ ಜೋಡಿಸಿದ ಸ್ಪ್ರಿಂಗ್ ಹೆಚ್ಚುಕಡಿಮೆ ಒಂದೇ ಸಮ ಬಾಗುತ್ತದೆ, ವೃತ್ತದ ತುಂಡಿನ ಹಾಗೆ. ಅಂಥದ್ದು ಆಕ್ಸಲ್‌ನ್ನು ತಿರುಗಿಸುವಾಗ 450 ಮಿ.ಮೀ. ತೋಳಿನಂತೆ ಅಲ್ಲ, ಅದರ 3/4 ಉದ್ದದ ತೋಳಿನಂತೆ ತಿರುಗಿಸುತ್ತದೆ. ಅಂದರೆ ಸುಮಾರು 338. ಡ್ರ್ಯಾಗ್ ಲಿಂಕ್ 600, ಸ್ಟೀರಿಂಗ್ ಆರ್ಮ್ 150 ಇರಲಿ.

ಮೊದಲು ನಿಮ್ಮ ಗಾಡಿ ನಿಂತಾಗ ಸ್ಪ್ರಿಂಗ್ ಚಪ್ಪಟೆ, ಲಿಂಕ್ ಸಮತಟ್ಟು ಇತ್ತು ಅಂತ ಇಟ್ಟುಕೊಳ್ಳಿ. ಚಕ್ರ 25 ಮಿ.ಮೀ. ಮೇಲೆ ಹೋದರೂ ಕೆಳಗೆ ಹೋದರೂ ಎರಡು ಬಿಲ್ಲುಗಳ ನಡುವಿನ ವ್ಯತ್ಯಾಸ ಬರೀ 1.4 ಮಿ.ಮೀ. ಚಕ್ರದಲ್ಲಿ ಅದು ಅರ್ಧ ಡಿಗ್ರಿ. ಲಿಂಕ್ ತುದಿಯ ಸ್ಪ್ರಿಂಗ್ ನುಂಗಿಹಾಕುತ್ತದೆ, ಡ್ರೈವರ್‌ಗೆ ಗೊತ್ತೂ ಆಗುವುದಿಲ್ಲ. ಈಗ ಮೂತಿ 35 ಎತ್ತಿದಿರಿ. ಅಂದರೆ ಆಕ್ಸಲ್ ತನ್ನ ಬಿಲ್ಲಿನ ತಳಕ್ಕೆ ಇಳಿದು ನಿಂತಿದೆ, ಲಿಂಕ್ ಮುಂದಕ್ಕೆ ಇಳಿಜಾರಾಗಿದೆ. ಅದೇ 25 ಮಿ.ಮೀ. ಆಟಕ್ಕೆ ಈಗ ಒಂದು ತುದಿಯಿಂದ ಇನ್ನೊಂದು ತುದಿಗೆ ವ್ಯತ್ಯಾಸ 8 ಮಿ.ಮೀ. ದಾಟುತ್ತದೆ. ಚಕ್ರದಲ್ಲಿ 3 ಡಿಗ್ರಿ. ಬಾಕ್ಸ್ 10ಕ್ಕೆ 1 ಅಂತಿದ್ದರೆ ಕೈಯಲ್ಲಿ 30 ಡಿಗ್ರಿ. ಒದೆಯದೆ ಇನ್ನೇನು ಮಾಡುತ್ತದೆ! ಮೊದಲು ಏರಿದರೂ ಇಳಿದರೂ ಎಳೆತ ಒಂದೇ ಕಡೆಗೆ ಇತ್ತು, ಅದೂ ಚೂರು. ಈಗ ಏರಿದರೆ ಬಲಕ್ಕೆ, ಇಳಿದರೆ ಎಡಕ್ಕೆ. ನೀವು ಹೇಳಿದ್ದೂ ಅದೇ ತಾನೆ.

ಸ್ಟ್ರೆಸ್ (ಬಾಗಿದಾಗ ಉಕ್ಕಿನೊಳಗೆ ಹುಟ್ಟುವ ಒತ್ತಡ) ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕಂದ್ರೆ ಪ್ಲೇಟ್ ಸೇರಿಸಿದರೆ ಸ್ಪ್ರಿಂಗ್ ಗಟ್ಟಿ ಅಂತ ಎಲ್ಲರೂ ನಂಬುತ್ತಾರೆ. ಒಂದು ಸ್ಪ್ರಿಂಗ್ ಮೇಲೆ 3000 ನ್ಯೂಟನ್, ಅಂದರೆ 300 ಕೆ.ಜಿ. ಚಿಲ್ಲರೆ ಭಾರ, ಪ್ಲೇಟ್ ಅಗಲ 50 ಇದ್ದರೆ 7 ಪ್ಲೇಟ್‌ಗೆ ಸ್ಟ್ರೆಸ್ ಚದರ ಮಿ.ಮೀ.ಗೆ ಸುಮಾರು 320 ನ್ಯೂಟನ್, ಕುಸಿತ 54 ಮಿ.ಮೀ. 8 ಪ್ಲೇಟ್‌ಗೆ ಸ್ಟ್ರೆಸ್ 280, ಕುಸಿತ 47. ನಿಂತ ಗಾಡಿಯಲ್ಲಿ ಸ್ಟ್ರೆಸ್ ಇಳಿಯಿತು, ನಿಜ. ಆದರೆ ಚಕ್ರ ಅಲ್ಲಿಂದ ಇನ್ನೂ 50 ಮಿ.ಮೀ. ಏರಿದಾಗ ಸೇರುವ ಸ್ಟ್ರೆಸ್ ಎಷ್ಟು ಪ್ಲೇಟ್ ಇದ್ದರೂ ಅಷ್ಟೇ, ಸುಮಾರು 300. ಅದನ್ನು ತೀರ್ಮಾನಿಸುವುದು ಪ್ಲೇಟ್‌ನ ದಪ್ಪ ಮತ್ತು ಸ್ಪ್ರಿಂಗ್‌ನ ಉದ್ದ, ಸಂಖ್ಯೆ ಅಲ್ಲ. ಹೊಸ ಪ್ಲೇಟನ್ನೂ 6 ಮಿ.ಮೀ.ನಲ್ಲೇ ಹಾಕಿಸಿದ್ದು ಒಳ್ಳೆಯದಾಯಿತು. 8 ಹಾಕಿಸಿದ್ದರೆ ಅದೇ ಬಾಗುವಿಕೆಗೆ ಆ ಒಂದು ಪ್ಲೇಟ್ ಮೂರನೇ ಒಂದರಷ್ಟು ಹೆಚ್ಚು ಸ್ಟ್ರೆಸ್ ತಿಂದು ಮೊದಲು ಅದೇ ತುಂಡಾಗುತ್ತಿತ್ತು.

ಇನ್ನೂ ಒಂದು ಗಮನಿಸಿ. 54ರಿಂದ 47ಕ್ಕೆ ಬಂದದ್ದು ಬರೀ 7 ಮಿ.ಮೀ. ನಿಮ್ಮ ಮೂತಿ ಎದ್ದದ್ದು 35. ಉಳಿದ 28 ಆ ಜಾಸ್ತಿ ಕಮಾನಿನ ಪ್ರಸಾದ.

ಹಳೇಚಕ್ರ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಸರ್. ಅಳತೆ ತೆಗೆದೆ. ಲಿಂಕ್ 610, ಆರ್ಮ್ 150ಕ್ಕೆ ಚೂರು ಕಡಿಮೆ. ಊಹೆ ಮಾಡಿದ್ದು ಹೇಗೋ ಗೊತ್ತಿಲ್ಲ, ಬಹಳ ಹತ್ತಿರ ಬಂದಿದೆ. ಲಿಂಕ್ ಒಳಗಿನ ಕ್ರಮ ಕೂಡ ತಪ್ಪೇ ಇತ್ತು, ಎರಡು ತುದಿಗೂ ಒಂದೇ ಥರ ತುಂಬಿದ್ದೆ. ನಾನೇ ತುಂಬಿದ್ದು, ಬೇರೆ ಯಾರನ್ನೂ ಬಯ್ಯುವ ಹಾಗಿಲ್ಲ.

ಬ್ರೇಕ್ ಹಿಡಿದಾಗ ಎಡಕ್ಕೆ ಜಾರುವುದಕ್ಕೂ ಇದಕ್ಕೂ ನಂಟಿದೆಯಾ? ಮತ್ತೆ ಪಿನ್ ಹಿಂದಕ್ಕೆ, ಶ್ಯಾಕಲ್ ಮುಂದಕ್ಕೆ ಅದಲು ಬದಲು ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ಒಬ್ಬ ಗೆಳೆಯ ಹೇಳಿದ. ಡ್ರಾಪ್ ಆರ್ಮ್ ಕಾಯಿಸಿ ಸ್ವಲ್ಪ ಕೆಳಗೆ ಬಗ್ಗಿಸು ಅಂತ ಇನ್ನೊಬ್ಬ.

ಗ್ರೀಸ್‌ಕೈ:

ಎರಡನೇ ಗೆಳೆಯನ ಮಾತು ಕೇಳಬೇಡಿ. ಡ್ರಾಪ್ ಆರ್ಮ್, ಸ್ಟೀರಿಂಗ್ ಆರ್ಮ್ ಇವೆಲ್ಲ ಬಡಿದು ಹದ ಕೊಟ್ಟ ಉಕ್ಕು. ಗ್ಯಾಸ್ ಜ್ವಾಲೆ ಹಿಡಿದರೆ ಹದ ಹೋಯಿತು. ಬಗ್ಗಿದ್ದು ಕಣ್ಣಿಗೆ ಕಾಣುತ್ತದೆ, ಹದ ಹೋದದ್ದು ಕಾಣುವುದಿಲ್ಲ.

ಪೆನ್ಸಿಲ್‌ಮೊನೆ:

ಅದಲು ಬದಲು ಮಾಡುವ ಮಾತಿನಲ್ಲಿ ಸತ್ಯ ಇದೆ. ಪಿನ್ ಹಿಂದೆ ಇದ್ದರೆ ಆಕ್ಸಲ್ ಕೂಡ ಹಿಂದಕ್ಕೇ ಸರಿಯುತ್ತದೆ, ಲಿಂಕ್ ತುದಿಯೂ ಹಿಂದಕ್ಕೇ. ಬಿಲ್ಲುಗೆರೆ ಅವರ ಅಳತೆಗೇ ಹಾಕಿದರೆ ಸಮತಟ್ಟಿನಿಂದ 25 ಮಿ.ಮೀ.ಗೆ ವ್ಯತ್ಯಾಸ 1.4 ಇದ್ದದ್ದು 0.4ಕ್ಕೆ ಇಳಿಯುತ್ತದೆ. ಚಕ್ರ ಹೊಡೆತ ತಿಂದಾಗ ಹಿಂದಕ್ಕೆ ಸರಿಯುವುದರಿಂದ ಸವಾರಿಯೂ ಮೆತ್ತಗೆ. ಆದರೆ ಅದಕ್ಕೆ ಚಾಸಿಯ ಮುಂಗೊಂಬಿಗೂ ಹಿಂದಿನ ಬ್ರ್ಯಾಕೆಟ್ಟಿಗೂ ಕೈ ಹಾಕಬೇಕು. ಬ್ರೇಕ್‌ನ ಎಳೆತ ಎಲ್ಲ ಈಗ ಮುಂದಿನ ಪಿನ್ ಹೊರುತ್ತಿದೆ, ಆಮೇಲೆ ಹಿಂದಿನದು ಹೊರಬೇಕು. 35 ಮಿ.ಮೀ. ಎತ್ತರದ ತಪ್ಪಿಗೆ ಚಾಸಿ ಕೊಯ್ಯುವುದು ನನಗಂತೂ ಒಪ್ಪಿಗೆ ಇಲ್ಲ.

ಬ್ರೇಕ್‌ಗೆ ಬನ್ನಿ. ಮುಂದಿನ ಬ್ರೇಕ್ ಹಿಡಿದಾಗ ಚಕ್ರ ತಿರುಗುವ ದಿಕ್ಕಿಗೇ ಆಕ್ಸಲ್ ಕೂಡ ತಿರುಗಲು ನೋಡುತ್ತದೆ. ತಡೆಯುವುದು ಲೀಫ್ ಸ್ಪ್ರಿಂಗ್ ಒಂದೇ, ಅದು ಹಾವಿನ ಥರ ಎರಡು ಬಾಗಾಗಿ ತಿರುಚಿಕೊಳ್ಳುತ್ತದೆ. ಆಕ್ಸಲ್‌ನ ಮೇಲಿರುವುದೆಲ್ಲ ಮುಂದಕ್ಕೆ ವಾಲುತ್ತದೆ. ನಿಮ್ಮ ಸ್ಟೀರಿಂಗ್ ಆರ್ಮ್‌ನ ಬಾಲ್ ಆಕ್ಸಲ್‌ಗಿಂತ ಎಷ್ಟು ಎತ್ತರ? 90 ಮಿ.ಮೀ. ಇದ್ದು ಆಕ್ಸಲ್ 3 ಡಿಗ್ರಿ ವಾಲಿದರೆ ಬಾಲ್ ಸುಮಾರು 4.7 ಮಿ.ಮೀ. ಮುಂದೆ ಹೋಗಬೇಕು, ಲಿಂಕ್ ಬಿಡುವುದಿಲ್ಲ. ಆರ್ಮ್ ಕಿಂಗ್ ಪಿನ್‌ನಿಂದ ಒಳಕ್ಕೆ ಚಾಚಿದ್ದರೆ ಬಲಗಡೆ ಸ್ಟೀರಿಂಗ್ ಗಾಡಿಯಲ್ಲಿ ಚಕ್ರ ಎಡಕ್ಕೇ ತಿರುಗುತ್ತದೆ, ಹೆಚ್ಚುಕಡಿಮೆ 2 ಡಿಗ್ರಿ. ಅದೇ ವಾಲುವಿಕೆ ಕ್ಯಾಸ್ಟರ್ ಕೋನವನ್ನೂ (ಕಿಂಗ್ ಪಿನ್‌ನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ) ತಿಂದುಹಾಕುತ್ತದೆ, ಚಕ್ರ ತಾನಾಗಿ ನೆಟ್ಟಗಾಗುವ ಗುಣ ಹೋಗುತ್ತದೆ. ಮೊದಲು ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು-ಬೋಲ್ಟ್ ಬಿಗಿ ನೋಡಿ. ಸ್ಪ್ರಿಂಗ್ ಬಿಚ್ಚಿ ಕಟ್ಟಿದ ಮೇಲೆ ಪ್ಲೇಟ್‌ಗಳು ಕೂತುಕೊಳ್ಳುತ್ತವೆ, ಯು-ಬೋಲ್ಟ್ ತಾನಾಗಿ ಸಡಿಲವಾಗುತ್ತದೆ. ಸಡಿಲವಾದರೆ ಪ್ಲೇಟ್‌ಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತೂತಿನ ಜಾಗವೂ ಬಾಗಲು ಶುರು. ಪ್ಲೇಟ್‌ನಲ್ಲಿ ಸ್ಟ್ರೆಸ್ ಜಾಸ್ತಿ ಸೇರುವ ಜಾಗವೇ ಅದು, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಲೆಕ್ಕ ನಂಬದಿದ್ದರೆ ರಟ್ಟಿನ ಪರೀಕ್ಷೆ ಮಾಡಿ. ಲಿಂಕ್‌ನ ಮುಂದಿನ ತುದಿ ಬಿಚ್ಚಿ. ಸ್ಟೀರಿಂಗ್ ಚಕ್ರ ನೆಟ್ಟಗೆ ಇಟ್ಟು ಅಲ್ಲಾಡದಂತೆ ಕಟ್ಟಿ. ಚಾಸಿಗೆ ಒಂದು ರಟ್ಟು ನಿಲ್ಲಿಸಿ ಬಿಗಿಯಿರಿ. ಆರ್ಮ್‌ನ ಬಾಲ್‌ಗೆ ಪೆನ್ಸಿಲ್ ಕಟ್ಟಿ, ಚಾಸಿಯನ್ನು ಜ್ಯಾಕ್‌ನಿಂದ ಎತ್ತಿ ಇಳಿಸಿ, ಒಂದು ಗೆರೆ ಬರುತ್ತದೆ. ಆಮೇಲೆ ಪೆನ್ಸಿಲ್ ಲಿಂಕ್ ತುದಿಗೆ ಕಟ್ಟಿ ಕೈಯಿಂದಲೇ ಆಡಿಸಿ, ಇನ್ನೊಂದು ಗೆರೆ. ಎರಡು ಗೆರೆ ಎಷ್ಟು ದೂರ ಹೋಗುತ್ತವೋ ಅಷ್ಟು ನಿಮ್ಮ ಒದೆತ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಇಡಿ.

ಬೇಗ ಆಗಲಿ ಅಂತ ಕೆಲವರು ಮುಖ್ಯ ಪ್ಲೇಟ್ ಒಂದನ್ನೇ ಹಾಕಿ ಈ ಪರೀಕ್ಷೆ ಮಾಡುತ್ತಾರೆ. ಒಂದೇ ಪ್ಲೇಟ್ ಸಮನಾಗಿ ಬಾಗುವುದಿಲ್ಲ, ಬುಡದಲ್ಲಿ ಜಾಸ್ತಿ ಬಾಗುತ್ತದೆ. ಆಗ ತೋಳಿನ ಉದ್ದ 3/4 ಅಲ್ಲ, 5/6. ಅಂದರೆ 338 ಬದಲು 375. ಬಿಲ್ಲುಗೆರೆ ಅವರು ಇದನ್ನು ಹೇಳಲಿಲ್ಲ, ಅದಕ್ಕೆ ಹೇಳಿದೆ.

ಬಿಲ್ಲುಗೆರೆ:

ಹೇಳದೇ ಇದ್ದದ್ದು ಅದರಿಂದ 50 ಮಿ.ಮೀ. ಆಟಕ್ಕೆ 0.4 ಮಿ.ಮೀ. ಕೂಡ ವ್ಯತ್ಯಾಸ ಬರಲ್ಲ ಅಂತ. ನಿಮ್ಮ ಪೆನ್ಸಿಲ್ ಗೆರೆಯೇ ಅದಕ್ಕಿಂತ ದಪ್ಪ ಇರುತ್ತದೆ :)

ಪೆನ್ಸಿಲ್‌ಮೊನೆ:

ನನ್ನ ಪೆನ್ಸಿಲ್ ಅಷ್ಟು ಮೊಂಡು ಅಲ್ಲ.

ಹಳೇಗಾಡಿ_ಕಥೆ:

ತಡವಾಗಿ ಬಂದೆ. ಲಿಂಕ್ ಒಳಗೆ ಸ್ಪ್ರಿಂಗ್ ಯಾಕೆ ಅಂತ ಕೇಳಿದ್ದರಲ್ಲ, ಅದಕ್ಕೆ ಸ್ವಲ್ಪ ಹಿಂದಿನ ಕಥೆ.

ಕುದುರೆ ಸಾರೋಟಿನ ಕಾಲದಲ್ಲಿ ಈ ಜಗಳವೇ ಇರಲಿಲ್ಲ. ಒಬಾಡಯಾ ಎಲಿಯಟ್ ಇಂಗ್ಲೆಂಡ್‌ನಲ್ಲಿ 1804ರಲ್ಲಿ ಎಲಿಪ್ಟಿಕ್ ಸ್ಪ್ರಿಂಗ್‌ಗೆ (ಎರಡು ಬಿಲ್ಲು ಎದುರುಬದುರು ಸೇರಿಸಿದ ಲೀಫ್ ಸ್ಪ್ರಿಂಗ್) ಪೇಟೆಂಟ್ ತೆಗೆದುಕೊಂಡ. ಆದರೆ ಸಾರೋಟು ತಿರುಗುವಾಗ ಮುಂದಿನ ಆಕ್ಸಲ್ ಇಡಿಯಾಗಿ ತಿರುಗುತ್ತಿತ್ತು, ತಿರುಗಿಸುತ್ತಿದ್ದದ್ದು ಕುದುರೆ. ಎರಡು ಚಕ್ರವನ್ನೂ ಬೇರೆ ಬೇರೆ ಪಿನ್ ಮೇಲೆ ತಿರುಗಿಸುವ ಉಪಾಯ ಜರ್ಮನಿಯ ಸಾರೋಟು ತಯಾರಕ ಲಾಂಕೆನ್ಸ್‌ಪರ್ಗರ್‌ನದು, ಅದಕ್ಕೆ 1818ರಲ್ಲಿ ಲಂಡನ್‌ನಲ್ಲಿ ಪೇಟೆಂಟ್ ಪಡೆದದ್ದು ಆಕರ್ಮನ್, ಹೆಸರು ಉಳಿದದ್ದೂ ಅವನದೇ. 1886ರ ಬೆಂಜ್ ಗಾಡಿಗೆ ಮುಂದೆ ಒಂದೇ ಚಕ್ರ. ನಾಲ್ಕು ಚಕ್ರಕ್ಕೆ ಹೊಂದುವ ಸ್ಟೀರಿಂಗ್‌ಗೆ ಬೆಂಜ್ ಪೇಟೆಂಟ್ ಪಡೆದದ್ದು 1893ರಲ್ಲಿ.

ತೊಡಕು ಹುಟ್ಟಿದ್ದು ಮೋಟಾರು ಕಾರಿನಲ್ಲಿ. ತಿರುಗಿಸುವವನು ಸ್ಪ್ರಿಂಗ್ ಮೇಲೆ ಕೂತಿದ್ದಾನೆ, ತಿರುಗಬೇಕಾದದ್ದು ಸ್ಪ್ರಿಂಗ್ ಕೆಳಗಿದೆ, ನಡುವೆ ಒಂದು ಸರಳು. ಶುರುವಿನಲ್ಲಿ ಕೈಗೆ ಟಿಲ್ಲರ್ (ತಿರುಗಿಸುವ ಹಿಡಿಕೋಲು) ಇತ್ತು, ಚಕ್ರ ಒದ್ದರೆ ನೇರ ಎದೆಗೆ. 1894ರ ಪ್ಯಾರಿಸ್-ರೂಆನ್ ಓಟದಲ್ಲಿ ವಾಶೆರಾನ್ ಎಂಬ ಚಾಲಕ ತನ್ನ ಪನಾರ್ ಕಾರಿಗೆ ಸ್ಟೀರಿಂಗ್ ಚಕ್ರ ಹಾಕಿಕೊಂಡು ಬಂದ. ಆಮೇಲೆ ವರ್ಮ್ ಬಾಕ್ಸ್ ಬಂತು. ಕೈಯಿಂದ ಚಕ್ರಕ್ಕೆ ಹೋಗುತ್ತದೆ, ಚಕ್ರದಿಂದ ಕೈಗೆ ಹೆಚ್ಚುಕಡಿಮೆ ವಾಪಸ್ ಬರುವುದಿಲ್ಲ. ಡ್ರೈವರ್‌ಗೆ ಆರಾಮ. ಆದರೆ ಒದೆತ ಎಲ್ಲಿ ಹೋಗಬೇಕು? ಒಂದು ಕಡೆ ಗೋಡೆಯಂಥ ವರ್ಮ್, ಇನ್ನೊಂದು ಕಡೆ ಕಲ್ಲಿಗೆ ಬಡಿಯುವ ಚಕ್ರ, ನಡುವೆ ಸಿಕ್ಕಿಕೊಂಡ ಸರಳು. ಹಾಗಾಗಿ ಸರಳಿನ ತುದಿಗೇ ಸ್ಪ್ರಿಂಗ್ ಇಟ್ಟರು.

ಅದಕ್ಕೂ ಒಂದು ಬೆಲೆ ಇತ್ತು. ಆ ಸ್ಪ್ರಿಂಗ್ 2.5 ಮಿ.ಮೀ. ಮಣಿದರೆ 150ರ ಆರ್ಮ್‌ನಲ್ಲಿ ಚಕ್ರಕ್ಕೆ ಸುಮಾರು 1 ಡಿಗ್ರಿ ಸ್ವಾತಂತ್ರ್ಯ. 1923ರಿಂದ ಬಲೂನ್ ಟೈರ್ (ಕಡಿಮೆ ಒತ್ತಡದ ದಪ್ಪ ಟೈರ್) ಬಂದವು, ಮುಂದಿನ ಚಕ್ರಕ್ಕೆ ಬ್ರೇಕ್ ಡ್ರಮ್ಮಿನ ತೂಕವೂ ಸೇರಿತು. ಒಂದು ಚಕ್ರ ಎದ್ದು ಆಕ್ಸಲ್ ಓರೆಯಾದರೆ ಸಾಕು, ತಿರುಗುವ ಬುಗುರಿಯನ್ನು ಓರೆ ಮಾಡಿದ ಹಾಗೆ ಚಕ್ರಗಳು ಕಿಂಗ್ ಪಿನ್ ಸುತ್ತ ಅಡ್ಡ ಬೀಸುತ್ತವೆ, ಆ ಬೀಸು ಮತ್ತೆ ಆಕ್ಸಲ್ ಕುಣಿಸುತ್ತದೆ. ಶಿಮ್ಮಿ ಅಂದರೆ ಇದೇ. ಗಟ್ಟಿ ಆಕ್ಸಲ್ ಇಟ್ಟುಕೊಂಡು ಇದನ್ನು ಪೂರ್ತಿ ಗೆಲ್ಲುವುದು ಕಷ್ಟವಾಯಿತು. 1934ರಲ್ಲಿ ಜನರಲ್ ಮೋಟಾರ್ಸ್‌ನ ಕಾರುಗಳಿಗೆ ಮುಂದಿನ ಎರಡು ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಬಂತು, ಆ ಕೆಲಸದ ಹಿಂದೆ ಎಂಜಿನಿಯರ್ ಮಾರಿಸ್ ಆಲಿ ಇದ್ದರು. ಲಾನ್ಸಿಯಾ ಲ್ಯಾಂಬ್ಡಾ ಕಾರು ಅದನ್ನು 1922ರಲ್ಲೇ ಬೇರೆ ದಾರಿಯಲ್ಲಿ ಮಾಡಿತ್ತು, ಅದು ಬೇರೆ ಕಥೆ.

ಹಳೇಚಕ್ರ:

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ರಟ್ಟಿನ ಪರೀಕ್ಷೆ ಮಾಡಿದೆ. ಎರಡು ಗೆರೆಗಳು ಕತ್ತರಿ ಬಾಯಿ ತೆರೆದ ಹಾಗೆ ದೂರ ಹೋದವು, ಕೆಳತುದಿಯಲ್ಲಿ 8 ಮಿ.ಮೀ. ಅಳತೆ ಪಟ್ಟಿ ಇಟ್ಟು ನೋಡಿ ಸುಮ್ನೆ ಕೂತುಬಿಟ್ಟೆ. ಸ್ಪ್ರಿಂಗ್ ಮತ್ತೆ ಬಿಚ್ಚಿಸಿ ಹೆಚ್ಚಿನ ಕಮಾನು ತೆಗೆಸಿದೆ. 8ನೇ ಪ್ಲೇಟ್ ಹಾಗೇ ಬಿಟ್ಟೆ. ಈಗ ಮೂತಿ ಹಳೆಯ ಎತ್ತರಕ್ಕಿಂತ 8 ಮಿ.ಮೀ. ಮೇಲಿದೆ. ಗೆರೆಗಳ ದೂರ 2.5ಕ್ಕೆ ಇಳಿಯಿತು. ಲಿಂಕ್ ಒಳಗಿನ ಕ್ರಮ ಸರಿ ಮಾಡಿ ಪ್ಲಗ್ ಮುಕ್ಕಾಲು ಸುತ್ತು ಹಿಂದಕ್ಕೆ ತಂದು ಪಿನ್ ಹಾಕಿದೆ. ಉಬ್ಬು ತಗ್ಗಿನ ಒದೆತ ಹೋಯಿತು. ಕೈಗೆ ಸಣ್ಣ ನಡುಕ ಬರುತ್ತದೆ, ಅಷ್ಟೇ.

ಬಿಚ್ಚಿದಾಗ ಇನ್ನೊಂದು ಕಂಡಿತು. ಬಲಗಡೆ ಯು-ಬೋಲ್ಟ್ ಎರಡೂ ಸಡಿಲ. ಎರಡನೇ ಪ್ಲೇಟ್‌ನಲ್ಲಿ ಸೆಂಟರ್ ಬೋಲ್ಟ್ ತೂತಿನಿಂದ ಅಂಚಿನ ಕಡೆಗೆ ಕೂದಲಿನಷ್ಟು ಸಣ್ಣ ಬಿರುಕು. ಪೆನ್ಸಿಲ್‌ಮೊನೆ ಅವರು ಹೇಳಿದ ಜಾಗದಲ್ಲೇ. ಆ ಪ್ಲೇಟ್ ಬದಲಾಯಿಸಿದೆ.

ಬ್ರೇಕ್‌ಗೆ ಎಡಕ್ಕೆ ಎಳೆಯುವುದು ಅರ್ಧ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬಾಲ್ ಆಕ್ಸಲ್ ಮಧ್ಯದಿಂದ 85 ಮಿ.ಮೀ. ಮೇಲಿದೆ. ಅದನ್ನು ಹೇಗೆ ಇಳಿಸುವುದು ಅಂತ ಯೋಚಿಸುತ್ತಿದ್ದೇನೆ. ಕಾಯಿಸುವುದಿಲ್ಲ, ಗಾಬರಿಯಾಗಬೇಡಿ.

ಗ್ರೀಸ್‌ಕೈ:

ಬಾಲ್ ಇಳಿಸೋ ಮೊದಲು ಎರಡೂ ಕಡೆ ಬ್ರೇಕ್ ಸಮ ಹಿಡಿಯುತ್ತಿದೆಯಾ ನೋಡಿ. ಎಡಗಡೆ ಡ್ರಮ್ ಜಾಸ್ತಿ ಬಿಸಿಯಾಗುತ್ತಿದ್ದರೆ ಉಳಿದ ಅರ್ಧ ಅಲ್ಲಿದೆ. ಯು-ಬೋಲ್ಟ್‌ಗಳನ್ನು ಇನ್ನೊಂದು ವಾರ ಓಡಿಸಿ ಮತ್ತೆ ಬಿಗಿ ಮಾಡಿ.